ರಿವೆಟ್ಟಿನವರು, ವೆಲ್ಡಿಂಗಿನವರು

ಅಮೆರಿಕದ ಮಿನ್ನೆಸೊಟಾ ರಾಜ್ಯದಲ್ಲಿ ವಾಲೈ ಮೀನಿನ ಹಂಗಾಮು ಮೇ ತಿಂಗಳ ಮಧ್ಯದ ಒಂದು ಶನಿವಾರ ತೆರೆಯುತ್ತದೆ. ಬಹುತೇಕ ವರ್ಷಗಳಲ್ಲಿ ಅದರ ಮರುದಿನವೇ ತಾಯಂದಿರ ದಿನ. ಈ ಕಾನೂನು ಮಾಡಿದವರ ಮನೆಯಲ್ಲಿ ಹೆಂಗಸರ ಮಾತು ನಡೆಯುತ್ತಿರಲಿಲ್ಲವೆಂದು ಕಾಣುತ್ತದೆ. ಗಂಡಸರು ನಸುಕಿನಲ್ಲೆದ್ದು ದೋಣಿ ಎಳೆದುಕೊಂಡು ಉತ್ತರಕ್ಕೆ ಹೊರಟರೆ, ತಾಯಂದಿರಿಗೆ ಭಾನುವಾರದ ಶುಭಾಶಯ ಫೋನಿನಲ್ಲಿ. ಇದನ್ನೆಲ್ಲ ಅಕ್ಕಪಕ್ಕದಲ್ಲಿ ನೋಡಿಯೇ ಇದ್ದ ನಮ್ಮ ಸೊಸೆ, ಮನೆಯಲ್ಲಿ ದೋಣಿಯ ಮಾತು ಎದ್ದ ದಿನವೇ ಒಂದು ಷರತ್ತು ಹಾಕಿದಳು. ಬರುವುದಾದರೆ ಎಲ್ಲರೂ ಕೂರುವಂಥ ದೋಣಿ ಬರಲಿ. ಇಲ್ಲವಾದರೆ ಗ್ಯಾರೇಜಿನಲ್ಲಿ ಹಿಮ ತೆಗೆಯುವ ಯಂತ್ರ ಒಂದೇ ಸಾಕು, ಅದಕ್ಕಾದರೂ ವರ್ಷದಲ್ಲಿ ಐದು ತಿಂಗಳು ಕೆಲಸವಿದೆ.

ನಾನು ಗಂಗೊಳ್ಳಿಯವನು. ಮೀನು ಹಿಡಿಯುವ ಕುಲದವನಲ್ಲ, ಬ್ಯಾಂಕಿನಲ್ಲಿ ಕೂತು ದೋಣಿಗೆ ಸಾಲ ಕೊಟ್ಟವನು. ನಮ್ಮಲ್ಲಿ ದೋಣಿ ಎಂದರೆ ನಾಲ್ಕು ಜನರ ಪಾಲು, ಇಬ್ಬರ ಜಾಮೀನು, ಒಂದು ಮುಹೂರ್ತ, ಮೂತಿಗೆ ಹೂವಿನ ಹಾರ. ರಜೆಯಲ್ಲಿ ಖುಷಿಗೆಂದು ದೋಣಿ ಕೊಳ್ಳುವ ಗಿರಾಕಿ ನನ್ನ ಮೇಜಿನ ಮುಂದೆ ಒಬ್ಬನೂ ಬಂದವನಲ್ಲ. ಈಗ ಹೊಟ್ಟೆಯಲ್ಲಿ ಹುಟ್ಟಿದ ಮಗನೇ ಅಂಥ ಗಿರಾಕಿಯಾಗಿ ಎದುರು ಕೂತಿದ್ದ. ಹದಿನೆಂಟು ಅಡಿಯ ಹೊಸ ಅಲ್ಯೂಮಿನಿಯಂ ದೋಣಿ, ಹಿಂದೆ ಔಟ್‌ಬೋರ್ಡ್ ಎಂಜಿನು, ಅಡಿಯಲ್ಲಿ ಟ್ರೇಲರು, ಎಲ್ಲ ಸೇರಿ ಐವತ್ತು ಸಾವಿರ ಡಾಲರಿನ ಆಚೀಚೆ. ಅದನ್ನು ರೂಪಾಯಿಗೆ ತಿರುಗಿಸಬಾರದೆಂದು ನನ್ನ ಹೆಂಡತಿ ಮೊದಲೇ ಎಚ್ಚರಿಸಿದ್ದಳು. ಮನಸ್ಸಿನಲ್ಲೇ ತಿರುಗಿಸಿ ಸುಮ್ಮನಾದೆ.

ಹಾಗೆಂದು ಮಗನ ಆಸೆಯನ್ನು ಬರೀ ಶೋಕಿ ಎನ್ನುವಂತಿಲ್ಲ. ಈ ರಾಜ್ಯದ ಕಾರುಗಳ ನಂಬರ್ ಪ್ಲೇಟಿನ ಮೇಲೆ 10,000 ಸರೋವರಗಳ ನಾಡು ಎಂದು ಬರೆದಿರುತ್ತದೆ. ಹತ್ತು ಎಕರೆ ಮತ್ತು ಅದಕ್ಕೂ ಮೇಲ್ಪಟ್ಟವನ್ನು ಸರ್ಕಾರದವರು ಎಣಿಸಿಟ್ಟ ಲೆಕ್ಕ 11,842. ತನ್ನಲ್ಲಿರುವುದನ್ನು ಕಡಿಮೆ ಮಾಡಿ ಹೇಳಿಕೊಳ್ಳುವ ಸರ್ಕಾರ ನಾನು ಕಂಡದ್ದು ಇದೊಂದೇ. ಇಷ್ಟು ನೀರಿನ ನಡುವೆ ಮನೆ ಮಾಡಿ ದೋಣಿ ಇಲ್ಲವೆಂದರೆ ನೆರೆಯವರು ಮುಖ ನೋಡುತ್ತಾರೆ. 1965ರಿಂದ ವಾಲೈ ಈ ರಾಜ್ಯದ ಅಧಿಕೃತ ಮೀನು. ಬಿಳಿ ಮಾಂಸ, ಮುಳ್ಳು ಕಡಿಮೆ, ವಾಸನೆಯೂ ಕಡಿಮೆ. ಮಸಾಲೆ ಅರೆದು ತವಾಕ್ಕೆ ಹಾಕಿದರೆ ಕಾಣೆ ಮೀನಿನ ನೆನಪು ಬಾರದೆ ಇರದು. ಸೊಸೆ ಮೈಸೂರಿನವಳು, ಮೀನು ಮುಟ್ಟುವುದಿಲ್ಲ. ಆದರೆ ನೀರಿನ ಮೇಲೆ ಹೋಗಬೇಕು, ಮಕ್ಕಳು ಈಜಬೇಕು, ಬುತ್ತಿ ಬಿಚ್ಚಿ ಪುಳಿಯೋಗರೆ ತಿನ್ನಬೇಕು ಎಂಬ ಆಸೆ ಅವಳಿಗೂ ಇದೆ.

ಇಷ್ಟಕ್ಕೆ ಯಾವ ದೋಣಿ ಎಂದು ಮಗ ಬೀದಿಯಲ್ಲಿ ಬಾಯಿ ಬಿಟ್ಟದ್ದೇ ತಡ, ನೆರೆಹೊರೆ ಎರಡು ಪಕ್ಷವಾಯಿತು. ಎಡಗಡೆ ಮನೆಯ ಮುದುಕ ಲುಂಡ್ ಎಂದ. ಅವನ ಅಪ್ಪನದೂ ಲುಂಡ್, ಅಳಿಯನದೂ ಲುಂಡ್. ಎದುರು ಮನೆಯವನು ಕ್ರೆಸ್ಟ್‌ಲೈನರ್ ಎಂದ. ಬೇರೆ ಮಾತು ಎತ್ತಿದರೆ ಹವಾಮಾನದ ವಿಷಯಕ್ಕೆ ಹೊರಳಿಕೊಳ್ಳುತ್ತಿದ್ದ, ಅದು ಇಲ್ಲಿಯವರು ಕೋಪ ತೋರಿಸುವ ಸಭ್ಯ ದಾರಿ. ಲುಂಡ್ ಎಂದರೆ ಹೆಚ್ಚಾಗಿ ತಗಡಿಗೆ ತಗಡು ಸೇರಿಸಿ ರಿವೆಟ್ ಹೊಡೆದ ದೋಣಿ. ಕ್ರೆಸ್ಟ್‌ಲೈನರ್ ವೆಲ್ಡಿಂಗ್ ಮಾಡಿದ ದೋಣಿ. ಯಕ್ಷಗಾನದಲ್ಲಿ ತೆಂಕುತಿಟ್ಟಿನವನ ಮುಂದೆ ಬಡಗಿನ ಚೆಂಡೆಯನ್ನು ಹೊಗಳಿದರೆ ಏನಾಗುತ್ತದೋ ಗೊತ್ತಿದ್ದವರಿಗೆ ಈ ಜಗಳದ ಕಾವನ್ನು ವಿವರಿಸಬೇಕಾಗಿಲ್ಲ. ವಾದಕ್ಕೆ ಇಳಿದವರಿಬ್ಬರೂ ರಾತ್ರಿಯಿಡೀ ಕೂರಬಲ್ಲರು, ಬೆಳಗಾದರೂ ಒಬ್ಬನೂ ಮತ ಬದಲಿಸುವುದಿಲ್ಲ.

ಸಾಲ ಕೊಡುವಾಗ ದೋಣಿಯ ಅಡಿ ನೋಡುವ ಅಭ್ಯಾಸ ನನಗೆ ಹೋಗಿಲ್ಲ. ಮುದುಕನ ಅಂಗಳದಲ್ಲಿ ಟ್ರೇಲರಿನ ಮೇಲಿದ್ದ ಹಳೆಯ ದೋಣಿಯ ಕೆಳಗೆ ಬಗ್ಗಿ ನೋಡಿದೆ. ಸಾಲಾಗಿ ಗುಂಡು ತಲೆಗಳು, ಎರಡೆರಡು ಸಾಲು. ಹೊರಗಿನಿಂದ ಒಬ್ಬ ಗನ್ನು ಒತ್ತಿದರೆ ಒಳಗಿನಿಂದ ಇನ್ನೊಬ್ಬ ಉಕ್ಕಿನ ಗಟ್ಟಿಯನ್ನು ಒತ್ತು ಕೊಟ್ಟು ಹಿಡಿಯುತ್ತಾನೆ. ನಡುವೆ ಸಿಕ್ಕ ರಿವೆಟ್ಟಿನ ಬಾಲ ಚಪ್ಪಟೆಯಾಗಿ ಎರಡೂ ತಗಡುಗಳನ್ನು ಕಚ್ಚಿಕೊಳ್ಳುತ್ತದೆ. ತಗಡುಗಳ ನಡುವೆ ನೀರು ಇಳಿಯದಂತೆ ಮೇಣದಂಥ ಸೀಲೆಂಟು. ಇದು ವಿಮಾನ ಕಟ್ಟುವವರ ವಿದ್ಯೆ. 1944ರಲ್ಲಿ ಗ್ರಮ್ಮನ್ ವಿಮಾನ ಕಂಪನಿಯ ವಿಲಿಯಂ ಹಾಫ್‌ಮನ್ ಎಂಬಾತ ರಜೆಗೆ ಹೋಗಿ, ಭಾರದ ಮರದ ಕನೂ ದೋಣಿಯನ್ನು ಹೆಗಲ ಮೇಲೆ ಹೊತ್ತು ಸುಸ್ತಾಗಿ, ಇದನ್ನು ಅಲ್ಯೂಮಿನಿಯಂನಲ್ಲಿ ಮಾಡಿದರೆ ಹೇಗೆ ಎಂದು ಯೋಚಿಸಿದ. ಯುದ್ಧ ಮುಗಿದಾಗ ಲೋಹವೂ ಇತ್ತು, ರಿವೆಟ್ ಹೊಡೆದು ಪಳಗಿದ ಕೈಗಳೂ ಇದ್ದವು. ವಿಮಾನದ ವಿದ್ಯೆ ಕೆರೆಗೆ ಇಳಿಯಿತು.

ರಿವೆಟ್ಟಿನ ದೋಣಿ ಅಲೆಗೆ ತುಸು ಬಾಗುತ್ತದೆ, ಬಾಗಿ ಪೆಟ್ಟು ನುಂಗಿಕೊಳ್ಳುತ್ತದೆ ಎನ್ನುತ್ತಾನೆ ಮುದುಕ. ವರ್ಷಾನುಗಟ್ಟಲೆ ಹೀಗೆ ಬಾಗಿದ ಮೇಲೆ ಒಂದೆರಡು ರಿವೆಟ್ ಸಡಿಲವಾಗಿ ಒಳಗೆ ನೀರು ಒಸರುವುದೂ ಉಂಟು, ಅದನ್ನು ಅವನು ಹೇಳಲಿಲ್ಲ, ಎದುರು ಮನೆಯವನು ಹೇಳಿದ. ಆದರೆ ಸಡಿಲವಾದದ್ದನ್ನು ತೆಗೆದು ಹೊಸತು ಹೊಡೆಯುವುದು ದೊಡ್ಡ ಕೆಲಸವಲ್ಲ.

ವೆಲ್ಡಿಂಗಿನ ಕತೆ ಇನ್ನೂ ಸ್ವಾರಸ್ಯದ್ದು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿ ಸೆಲ್ಸಿಯಸ್‌ಗೆ. ಗಾಳಿ ಸೋಕಿದೊಡನೆ ಅದರ ಮೈಮೇಲೆ ಕಟ್ಟುವ ಆಕ್ಸೈಡಿನ ಪೊರೆ ಮಾತ್ರ 2,000 ಡಿಗ್ರಿ ದಾಟದೆ ಕರಗುವುದಿಲ್ಲ. ಅಂದರೆ ಪೊರೆ ಸೋಲುವ ಮೊದಲೇ ಒಳಗಿನ ಲೋಹ ನೀರಾಗಿ ತೂತು ಬೀಳುವ ಅಪಾಯ. ಪೊರೆಯನ್ನು ತಿಕ್ಕಿ ತೆಗೆದು, ಆರ್ಗಾನ್ ಅನಿಲದ ಮರೆಯಲ್ಲಿ, ಕೈ ತಡೆಯದೆ ಕಡ್ಡಿ ಎಳೆದುಕೊಂಡು ಹೋಗಬೇಕು. ಸರಿಯಾಗಿ ಬಿದ್ದರೆ ಎರಡು ತಗಡು ಒಂದಾಗುತ್ತವೆ, ನೀರಿಗೆ ದಾರಿಯೇ ಇಲ್ಲ. ಆದರೆ ಶಾಖ ತಿಂದ ಪಟ್ಟಿಯಲ್ಲಿ ಲೋಹ ಮೆತ್ತಗಾಗುತ್ತದೆ. ಅದಕ್ಕೆಂದೇ ತಗಡು ತುಸು ದಪ್ಪ ಬೇಕು. ಮುಂದೆಂದಾದರೂ ಬಿರುಕು ಬಿಟ್ಟರೆ ಆ ಬೆಸುಗೆಯ ಅಂಚಿನಲ್ಲೇ ಬಿಡುತ್ತದೆ, ರಿಪೇರಿಗೆ ಅಲ್ಯೂಮಿನಿಯಂ ಬಲ್ಲ ವೆಲ್ಡರನ್ನೇ ಹುಡುಕಬೇಕು. ಇದನ್ನು ಎದುರು ಮನೆಯವನು ಹೇಳಲಿಲ್ಲ, ಮುದುಕ ಹೇಳಿದ. ಒಬ್ಬನ ದೋಣಿಯ ನಿಜ ಇನ್ನೊಬ್ಬನ ಬಾಯಲ್ಲಿ ಸಿಗುತ್ತದೆ, ಗ್ರಾಹಕನಿಗೆ ಇದಕ್ಕಿಂತ ಅನುಕೂಲ ಬೇಕೆ? ನಮ್ಮ ಪಶ್ಚಿಮ ಕರಾವಳಿಯಲ್ಲಿ ಹಿಂದೆ ರಿವೆಟ್ಟೂ ಇಲ್ಲದೆ ವೆಲ್ಡೂ ಇಲ್ಲದೆ, ಮೊಳೆಯನ್ನೇ ಹೊಡೆಯದೆ, ತೆಂಗಿನ ನಾರಿನ ಹಗ್ಗದಲ್ಲಿ ಹಲಗೆ ಹೊಲಿದು ಸಮುದ್ರಕ್ಕೆ ಇಳಿಸುತ್ತಿದ್ದರು ಎಂದೆ. ಇಬ್ಬರೂ ಒಂದು ಕ್ಷಣ ಜಗಳ ಬಿಟ್ಟು ನನ್ನನ್ನು ನೋಡಿದರು.

ಈ ಎರಡು ಮನೆತನಗಳ ಮೂಲ ಹುಡುಕಲು ಹೊರಟ ಮಗನಿಗೆ ಸಿಕ್ಕಿದ್ದು ಬೇರೆಯೇ. ಹೊವಾರ್ಡ್ ಲುಂಡ್ ಎಂಬಾತ ನ್ಯೂಯಾರ್ಕ್ ಮಿಲ್ಸ್ ಎಂಬ ಊರಿನ ತನ್ನ ಗ್ಯಾರೇಜಿನಲ್ಲಿ ಬಾತುಕೋಳಿ ಬೇಟೆಗೆಂದು ಅಲ್ಯೂಮಿನಿಯಂ ದೋಣಿ ಕಟ್ಟಿ, 1948ರಲ್ಲಿ ಕಂಪನಿ ಶುರುಮಾಡಿದ. ಕ್ರೆಸ್ಟ್‌ಲೈನರ್ ಅದಕ್ಕೂ ಎರಡು ವರ್ಷ ಹಿರಿದು, ಲಿಟ್ಲ್ ಫಾಲ್ಸ್ ಊರಿನದು. ಎರಡೂ ಮಿನ್ನೆಸೊಟಾದವೇ. 2004ರಲ್ಲಿ ಬ್ರನ್ಸ್‌ವಿಕ್ ಕಾರ್ಪೊರೇಷನ್ ಎರಡನ್ನೂ ಕೊಂಡಿತು. 1845ರಲ್ಲಿ ಬಿಲಿಯರ್ಡ್ಸ್ ಮೇಜು ಮಾಡುತ್ತ ಹುಟ್ಟಿದ ಕಂಪನಿ ಅದು. 2010ರಲ್ಲಿ ಲಿಟ್ಲ್ ಫಾಲ್ಸಿನ ಕಾರ್ಖಾನೆ ಮುಚ್ಚಿ ಕ್ರೆಸ್ಟ್‌ಲೈನರ್ ಕೂಡ ನ್ಯೂಯಾರ್ಕ್ ಮಿಲ್ಸಿಗೇ ಬಂತು. ರಿವೆಟ್ಟು, ವೆಲ್ಡಿಂಗು ಎರಡೂ ಒಂದೇ ಊರಿನಲ್ಲಿ, ಒಬ್ಬನೇ ಯಜಮಾನನ ಕೈಕೆಳಗೆ. ಹಿಂದೆ ತೂಗುವ ಮರ್ಕ್ಯುರಿ ಎಂಜಿನ್ನೂ ಅದೇ ಯಜಮಾನನದು.

"ಅಪ್ಪಯ್ಯ, ಹಾಂಗಾರೆ ಇವ್ರ್ ಇಷ್ಟ್ ವರ್ಷ ಜಗಳ ಮಾಡದ್ ಎಂತಕೆ?" ಎಂದ ಮಗ.

ಮುದುಕನಿಗೆ ಈ ವಿಷಯ ಮೊದಲೇ ಗೊತ್ತಿತ್ತು. ಎದುರು ಮನೆಯವನಿಗೂ ಗೊತ್ತಿತ್ತು. ಅದರಿಂದ ಜಗಳಕ್ಕೆ ಯಾವ ಕುಂದೂ ಬಂದಿರಲಿಲ್ಲ. ನ್ಯೂಯಾರ್ಕ್ ಮಿಲ್ಸ್ ಸುಮಾರು 1,300 ಜನರ ಊರು, ಫಿನ್ಲೆಂಡಿನಿಂದ ಬಂದವರು ನೆಲೆಸಿದ ಕಡೆ. 1993ರಿಂದ ಅಲ್ಲಿ ಒಂದು ತತ್ತ್ವಜಿಜ್ಞಾಸೆಯ ಸ್ಪರ್ಧೆ ನಡೆಯುತ್ತದೆ, ಪಂಡಿತರಿಗಲ್ಲ, ಸಾಮಾನ್ಯ ಜನರಿಗೆ. ಮನುಷ್ಯ ಹುಟ್ಟಾ ಒಳ್ಳೆಯವನೋ ಕೆಟ್ಟವನೋ ಎಂಬುದು ಮೊದಲ ವರ್ಷದ ಪ್ರಶ್ನೆಯಾಗಿತ್ತು. ದೋಣಿ ಕಟ್ಟುವ ಊರಿಗೆ ವಾದದ ಚಟ ಹತ್ತಿದ್ದರಲ್ಲಿ ನನಗೇನೂ ಆಶ್ಚರ್ಯವಾಗಲಿಲ್ಲ.

ಒಂದು ಶನಿವಾರ ಎಲ್ಲರೂ ದೋಣಿ ಅಂಗಡಿಗೆ ಹೋದೆವು. ಒಂದು ಎಕರೆ ಅಂಗಳದಲ್ಲಿ ಸಾಲು ಸಾಲು ದೋಣಿ, ಎಲ್ಲ ನೆಲದ ಮೇಲೆ. ಮಗ ನೇರ ಮೂತಿಗೆ ಹೋಗಿ ಹತ್ತಿದ. ಅಲ್ಲಿ ಚಪ್ಪಟೆ ಕಟ್ಟೆ, ತಿರುಗುವ ಒಂಟಿ ಕುರ್ಚಿ, ಕಾಲಲ್ಲಿ ಒತ್ತುವ ಟ್ರೋಲಿಂಗ್ ಮೋಟರಿಗೆ ಜಾಗ, ಗಾಳ ಇಡಲು ಉದ್ದದ ಪೆಟ್ಟಿಗೆ. ಅವನ ಮುಖ ನೋಡಿದರೆ ಆಗಲೇ ಮೀನು ಸಿಕ್ಕಂತಿತ್ತು. ನಾನು ಚುಕ್ಕಾಣಿಯ ಪಕ್ಕಕ್ಕೆ ಅಂಟಿಸಿದ್ದ ಹಳದಿ ಪಟ್ಟಿ ಓದಿದೆ. ಇಪ್ಪತ್ತು ಅಡಿಯೊಳಗಿನ ಇಂಥ ದೋಣಿಗಳಿಗೆ ಆ ಪಟ್ಟಿ ಕಾನೂನಿನ ಕಡ್ಡಾಯ: ಎಷ್ಟು ಜನ, ಎಷ್ಟು ತೂಕ, ಎಷ್ಟು ಹಾರ್ಸ್‌ಪವರ್. ಏಳು ಜನ ಎಂದಿತ್ತು. ಯಾರ ಮನೆಯ ಏಳು ಜನ ಎಂದಿರಲಿಲ್ಲ, ಪಕ್ಕದಲ್ಲಿ ಪೌಂಡಿನ ಲೆಕ್ಕ ಕೊಟ್ಟು ಕೈತೊಳೆದುಕೊಂಡಿದ್ದರು. ಬುತ್ತಿ, ಐಸ್ ಪೆಟ್ಟಿಗೆ, ಟವೆಲ್ಲು, ನನ್ನ ಹೆಂಡತಿಯ ಚೀಲ ಸೇರಿದರೆ ಐದೇ ಜನ ಎಂದು ಮನಸ್ಸಿನಲ್ಲಿ ಬರೆದುಕೊಂಡೆ.

ಹೆಂಗಸರಿಬ್ಬರೂ ರಿವೆಟ್ ನೋಡಲಿಲ್ಲ, ಬೆಸುಗೆ ನೋಡಲಿಲ್ಲ. ದೋಣಿಯಿಂದ ದೋಣಿಗೆ ಹತ್ತಿ ಇಳಿದು, ಕೂತು ಎದ್ದು ನೋಡಿದರು. ಒಂದರಲ್ಲಿ ಚುಕ್ಕಾಣಿಯವನಿಗೆ ಮಾತ್ರ ಗಾಳಿ ತಡೆಯುವ ಗಾಜಿತ್ತು. ಉಳಿದವರು ಗಂಟೆಗೆ ಮೂವತ್ತು ಮೈಲಿಯ ಗಾಳಿಗೆ, ಮೇ ತಿಂಗಳಿನ ಚಳಿಗೆ, ಮುಖ ಒಡ್ಡಿ ಕೂರಬೇಕು. ಇನ್ನೊಂದರಲ್ಲಿ ಹಿಂದಿನ ಸೀಟಿನ ಬೆನ್ನು ಎಷ್ಟು ಗಿಡ್ಡವೆಂದರೆ, ನನ್ನ ಹೆಂಡತಿ ಕೂತು, ಒರಗಿ, ಕೂಡಲೇ ನೆಟ್ಟಗಾಗಿ, "ಇದ್ ಎಷ್ಟ್ ಹೊತ್ತಿನ ಪ್ರಯಾಣ?" ಎಂದು ಕೇಳಿದಳು. ಏಣಿ ಎಲ್ಲಿ ಎಂದಳು ಸೊಸೆ. ಈಜಿದ ಮಕ್ಕಳು ಮತ್ತೆ ಹತ್ತುವುದು ಎಂಜಿನ್ ಪಕ್ಕದಿಂದ. ಆ ಏಣಿ ಕೆಲವದರಲ್ಲಿ ಮೂರು ಮೆಟ್ಟಿಲಿನದು, ಕೆಲವದರಲ್ಲಿ ಕೇಳಿದವರಿಗೆ ಮಾತ್ರ ಸಿಗುವ ಹೆಚ್ಚುವರಿ ಸಾಮಾನು. ಮಕ್ಕಳಿಬ್ಬರೂ ಹತ್ತು ವರ್ಷದೊಳಗಿನವರು. ದೋಣಿ ಓಡುತ್ತಿರುವಾಗ ಲೈಫ್ ಜಾಕೆಟ್ ಬಿಚ್ಚುವಂತಿಲ್ಲ ಎಂಬುದು ಇಲ್ಲಿಯ ಕಾನೂನು. ಹಾಗಾಗಿ ಜಾಕೆಟ್ ತೊಟ್ಟು ಉಬ್ಬಿದ ಮೊಮ್ಮಕ್ಕಳು ಸೀಟಿನಲ್ಲಿ ಹಿಡಿಸುತ್ತಾರೋ ಎಂದು ಅಂಗಡಿಯವನ ಹತ್ತಿರ ಎರಡು ಜಾಕೆಟ್ ಇಸಿದುಕೊಂಡು ತೊಡಿಸಿ ಕೂರಿಸಿದ್ದೂ ಆಯಿತು.

"ಮಾವ, ಬಾತ್ರೂಮಿಗೆ ಏನು ಮಾಡ್ತಾರಂತೆ ಕೇಳಿ" ಎಂದಳು ಸೊಸೆ ಮೆಲ್ಲಗೆ. ಕೇಳಿದೆ. ಮಾರಾಟಗಾರ ದಡದ ಕಡೆ ಕೈ ತೋರಿಸಿದ.

ಮೀನಿನ ದೋಣಿ ಎಂಬುದನ್ನು ಮೂತಿಯಲ್ಲಿ ಕೂತ ಒಬ್ಬ ಗಂಡಸಿನ ಸುತ್ತ ಕಟ್ಟಿರುತ್ತಾರೆ ಎಂದು ನನಗೆ ಹೊಳೆದದ್ದು ಈ ಹತ್ತಿ ಇಳಿಯುವ ಗಲಾಟೆಯಲ್ಲಿ. ಅಂಚಿನ ಎತ್ತರ, ತಗಡಿನ ದಪ್ಪ, ಎಂಜಿನ್ನಿನ ಕಸುವು ಎಲ್ಲ ಅವನ ಪ್ರಶ್ನೆಗೆ ಉತ್ತರ. ಸಂಸಾರ ಬಂದರೆ ಉಳಿದ ಜಾಗದಲ್ಲಿ ಹೊಂದಿಸಿಕೊಳ್ಳಬೇಕು. ಈಗ ಕಂಪನಿಯವರು ಮೀನಿಗೂ ಆಯಿತು, ಮಕ್ಕಳನ್ನು ಹಗ್ಗ ಕಟ್ಟಿ ನೀರಿನ ಮೇಲೆ ಎಳೆಯುವುದಕ್ಕೂ ಆಯಿತು ಎಂಬ ಮಾದರಿಗಳನ್ನು ಮಾಡಿದ್ದಾರೆ, ಎರಡೂ ಹೆಸರಿನಲ್ಲಿ ಅಂಥವು ಇವೆ. ಎಡಕ್ಕೂ ಬಲಕ್ಕೂ ಗಾಜು, ನಡುವೆ ದಾರಿ, ಹಿಂದಿನ ಕಟ್ಟೆಯಿಂದ ಮಡಚಿ ತೆಗೆಯುವ ಸೀಟು. ಹಾಗೆ ಹುಡುಕಿದರೆ ಆ ಅಂಗಳದಲ್ಲಿ ಉಳಿದದ್ದು ಎರಡೇ, ಒಂದು ರಿವೆಟ್ಟಿನದು, ಒಂದು ವೆಲ್ಡಿಂಗಿನದು. ಬೆಲೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ.

ಕೊನೆಗೆ ಲುಂಡ್ ಆಯಿತು. ಕಾರಣ ಕೇಳಿದರೆ ಮಗ ದೋಣಿಯ ತಳದ ವಿನ್ಯಾಸ, ಅಲೆ ಸೀಳುವ ಕೋನ ಎಂದೇನೋ ಹೇಳುತ್ತಾನೆ. ನಡೆದದ್ದು ಇಷ್ಟು: ಅದರ ಹಿಂದಿನ ಸೀಟಿನಲ್ಲಿ ನನ್ನ ಹೆಂಡತಿ ಕೂತಳು, ಒರಗಿದಳು, ಮತ್ತೆ ಎದ್ದೇಳಲಿಲ್ಲ. ಸೊಸೆ ಏಣಿ ಇಳಿಸಿ ನೋಡಿ ತಲೆಯಾಡಿಸಿದಳು. ಅಕ್ಟೋಬರಿನಲ್ಲಿ ಎಂಜಿನ್ನಿನ ನೀರು ತೆಗೆಸಿ ಚಳಿಗಾಲಕ್ಕೆ ಕಟ್ಟಿಡುವ ವರ್ಕ್‌ಶಾಪು ಮನೆಯಿಂದ ಹತ್ತಿರವೇ ಇದೆ. ನನ್ನ ಬ್ಯಾಂಕಿನ ಬುದ್ಧಿಗೆ ಈ ಮೂರನೆಯದೇ ಗಟ್ಟಿ ಕಾರಣವೆನ್ನಿಸಿತು. ದೋಣಿ ಕೊಡುವವನಿಗಿಂತ ಕೆಟ್ಟಾಗ ಎತ್ತಿಕೊಳ್ಳುವವನು ಮುಖ್ಯ.

ಹಿಂದುಗಡೆ ತಳದಲ್ಲಿ ಹೆಬ್ಬೆರಳಿನ ಗಾತ್ರದ ಒಂದು ಬಿರಡೆಯಿದೆ. ನೀರಿಗಿಳಿಸುವ ಮೊದಲು ಅದನ್ನು ತಿರುಗಿಸಿ ಹಾಕಬೇಕು, ಮೇಲೆತ್ತಿದ ಮೇಲೆ ಕಳಚಿ ನೀರು ಬಸಿದು, ಕಳಚಿಟ್ಟೇ ರಸ್ತೆಗೆ ಹೋಗಬೇಕು. ಜೀಬ್ರಾ ಮಸಲ್ ಎಂಬ ಪಟ್ಟೆ ಚಿಪ್ಪಿನ ಪೀಡೆ ಒಂದು ಕೆರೆಯಿಂದ ಇನ್ನೊಂದಕ್ಕೆ ಹಬ್ಬದಿರಲೆಂದು ಇಲ್ಲಿ ಇದು ಕಾನೂನು. ಹಾಕಲು ಮರೆತವನ ದೋಣಿ ದಡದಲ್ಲೇ ನಿಧಾನಕ್ಕೆ ಕೂರುವುದನ್ನು ಜನ ಕಾಫಿ ಕುಡಿಯುತ್ತ ನೋಡುತ್ತಾರಂತೆ. ಬಿರಡೆಯ ಉಸ್ತುವಾರಿ ಹಿರಿಯ ಮೊಮ್ಮಗಳಿಗೆ ಹೋಯಿತು, ಕೊರಳಿಗೆ ಒಂದು ಸೀಟಿಯೂ ಬಂತು.

ಎದುರು ಮನೆಯವನು ಎರಡು ದಿನ ಹವಾಮಾನದ ಮಾತಾಡಿದ. ಮೂರನೆಯ ದಿನ ಬಂದು ಟ್ರೇಲರಿನ ಕೆಳಗೆ ಬಗ್ಗಿ, ರಿವೆಟ್ಟಿನ ಸಾಲಿನ ಮೇಲೆ ಬೆರಳೆಳೆದು, ಹತ್ತು ವರ್ಷ ಕಳೆಯಲಿ ನೋಡೋಣ ಎಂದ. ಹತ್ತು ವರ್ಷಕ್ಕೆ ಮಗನ ಸಾಲವೂ ಮುಗಿದಿರುತ್ತದೆ ಎಂದೆ. ಹಂಗಾಮಿಗೆ ನನಗೂ ಲೈಸೆನ್ಸ್ ಆಗಬೇಕಿತ್ತು. ಪರಸ್ಥಳದ ವಯಸ್ಕರು ಗಾಳ ಹಿಡಿಯುವುದಾದರೆ ಬೇರೆಯೇ ದರ, ಏಳು ದಿನದ ಚೀಟಿ ತೆಗೆಸಿದ ಮಗ. ಅಮ್ಮನಿಗೂ ಒಂದು ತೆಗೆಯಲೇ ಎಂದು ಕೇಳಿದ. ಮೀನು ಹಿಡಿಯದೆ ಬರೀ ಕೂರುವವರಿಗೆ ಚೀಟಿ ಬೇಡ ಎಂದು ಅವಳು ಅಷ್ಟರಲ್ಲಿ ಸೊಸೆಯಿಂದ ತಿಳಿದುಕೊಂಡಿದ್ದಳು; ಆ ದುಡ್ಡಿಗೆ ಬಿಸಿಲಿಗೊಂದು ಮೇಲ್ಚಾವಣಿ ಹಾಕಿಸು ಎಂದಳು.