ಕಿವಿಗೊಲಿದ ಕಲೆ, ಮನಕೊಲಿದ ತಾಣ

ಇಂದು ಮನೆಮನೆಯಲ್ಲಿ ಟಿ.ವಿ., ಕೈಕೈಯಲ್ಲಿ ಮೊಬೈಲು. ಹಾಡಿಗೂ ಚಿತ್ರಕ್ಕೂ ಬರವಿಲ್ಲ. ಆಯ್ಕೆಗೆ ಮಾತ್ರ ಬರ ಬಂದಿದೆ. ಒಂದೇ ಸೂರಿನಡಿ ಕುಳಿತ ನಾಲ್ವರು ನಾಲ್ಕು ಲೋಕಗಳಲ್ಲಿ ಇರುತ್ತಾರೆ. ಬಂಧುಗಳು ಮನೆಗೆ ಬಂದಾಗ, "ಮಕ್ಕಳಿಗೆ ಏನು ಕೇಳಿಸೋಣ, ಏನು ತೋರಿಸೋಣ, ರಜೆಯ ದಿನ ಎಲ್ಲಿಗೆ ಕರೆದೊಯ್ಯೋಣ?" ಎಂದು ವಿಚಾರಿಸುವುದುಂಟು. ನಮ್ಮ ಅನುಭವಕ್ಕೆ ಬಂದು, ನಮ್ಮ ಮನೆಗೆ ಹಿತವೆನಿಸಿದ ಕೆಲವನ್ನು ಓದುಗ ಬಂಧುಗಳಲ್ಲಿ ಇಲ್ಲಿ ನಿವೇದಿಸಿಕೊಳ್ಳುತ್ತೇವೆ.

ಈ ಆಯ್ಕೆಗೆ ನಮ್ಮಲ್ಲಿ ಒಂದು ಅಳತೆಗೋಲಿದೆ. ಅದನ್ನು ನಾವು ಹುಡುಕಿ ತಂದದ್ದಲ್ಲ. ತಾನಾಗಿ ಒದಗಿ ಬಂದದ್ದು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ಎಂಬತ್ತು ದಾಟಿದ ತಂದೆಯವರಿದ್ದಾರೆ. ಹತ್ತಿ ಗಿರಣಿಯೊಂದರಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಕೆಲವು ವರ್ಷಗಳ ಹಿಂದೆ ಅವರ ಕಣ್ಣಿಗೆ ಗ್ಲಾಕೋಮಾ ಎಂಬ ಬೇನೆ ಕಾಣಿಸಿಕೊಂಡಿತು. ದೃಷ್ಟಿಯ ನರ ಮೆಲ್ಲಮೆಲ್ಲನೆ ಸವೆಯುವ ಈ ರೋಗದಲ್ಲಿ ನೋಟವು ಅಂಚಿನಿಂದ ಒಳಕ್ಕೆ ಕುಗ್ಗುತ್ತ ಬರುತ್ತದೆ. ಔಷಧದಿಂದ ಉಳಿದ ನೋಟವನ್ನು ಕಾಯಬಹುದೇ ಹೊರತು ಹೋದದ್ದನ್ನು ಮರಳಿ ತರಲಾಗದು. ವಚನಗಳನ್ನು ಓದದೆ ಒಂದು ದಿನವನ್ನೂ ಕಳೆಯದಿದ್ದ ಅವರು ಒಂದು ಸಂಜೆ ಪುಸ್ತಕವನ್ನು ಮಡಚಿ ಮೊಮ್ಮಗನ ಕೈಗಿತ್ತು, "ಇನ್ನು ಇದು ನಿನ್ನ ಹತ್ತಿರವೇ ಇರಲಪ್ಪ" ಎಂದರು. ಆ ಮಾತು ಮನೆಯವರನ್ನೆಲ್ಲ ಕಲಕಿತು. ಹಿರಿಯ ಜೀವವೊಂದು ಮನೆಯಲ್ಲಿದ್ದೂ ಮನೆಯ ಸಂತೋಷಗಳಿಂದ ದೂರ ಸರಿಯಬಾರದಲ್ಲವೇ? ಅಂದಿನಿಂದ ಅವರೂ ಮಕ್ಕಳೂ ಕೂಡಿ ಸವಿಯಬಲ್ಲದ್ದನ್ನೇ ನಾವು ಆರಿಸತೊಡಗಿದೆವು.

ಮೊದಲನೆಯದು ಸಂಗೀತ. ಮಲ್ಲಿಕಾರ್ಜುನ ಮನಸೂರರ (1910–1992) ವಚನಗಾಯನವನ್ನು ನಾವು ಎಲ್ಲಕ್ಕಿಂತ ಮೊದಲು ಹೆಸರಿಸುತ್ತೇವೆ. ನೀಲಕಂಠಬುವಾ ಅವರಲ್ಲಿ ಅಭ್ಯಾಸ ಮಾಡಿ, ಬಳಿಕ ಜೈಪುರ ಘರಾಣೆಯ ಅಲ್ಲಾದಿಯಾ ಖಾನರ ಮಕ್ಕಳಾದ ಮಂಜೀಖಾನ್ ಮತ್ತು ಭುರ್ಜೀಖಾನರಿಂದ ವಿದ್ಯೆ ಪಡೆದ ಈ ಮಹನೀಯರು ಅಪರೂಪದ ರಾಗಗಳ ಭಂಡಾರವೇ ಆಗಿದ್ದರು. ಧಾರವಾಡದ ಮುರುಘಾಮಠದ ಭಕ್ತರು. ಅವರು ವಚನ ಹಾಡುವಾಗ ರಾಗವು ಮಾತನ್ನು ನುಂಗುವುದಿಲ್ಲ, ಮಾತು ರಾಗವನ್ನು ಒಣಗಿಸುವುದಿಲ್ಲ. ಅವರ ಜೊತೆಗೆ ಬಸವರಾಜ ರಾಜಗುರು ಮತ್ತು ಸಿದ್ಧರಾಮ ಜಂಬಲದಿನ್ನಿ ಅವರ ವಚನಗಾಯನವನ್ನೂ ಕೇಳಬೇಕು. ಮೂವರ ಕಂಠವೂ ಬೇರೆ, ಹದವೂ ಬೇರೆ. ಮೂವರನ್ನೂ ಕೇಳಿದ ಮಕ್ಕಳಿಗೆ, ಹಾಡುವುದೆಂದರೆ ಒಂದೇ ಬಗೆಯಲ್ಲ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಕೇಳುವ ಕ್ರಮದ ಬಗೆಗೂ ಒಂದು ಮಾತು. ಹಿನ್ನೆಲೆಯಲ್ಲಿ ಹಾಡು ಹಚ್ಚಿ ಮನೆಗೆಲಸ ನಡೆಸುವುದು ಕೇಳುವುದಲ್ಲ. ನಮ್ಮಲ್ಲಿ ಸಂಜೆಯ ಲಿಂಗಪೂಜೆಯಾದ ಮೇಲೆ ದಿನಕ್ಕೆ ಒಂದೇ ವಚನ. ಮೊದಲು ಮೊಮ್ಮಗ ಅದನ್ನು ಗಟ್ಟಿಯಾಗಿ ಓದುತ್ತಾನೆ. ತಪ್ಪಿದಲ್ಲಿ ತಂದೆಯವರು ತಿದ್ದುತ್ತಾರೆ; ಅವರು ಮರೆತಲ್ಲಿ ಹುಡುಗ ಸಾಲು ಒದಗಿಸುತ್ತಾನೆ. ಆಮೇಲೆ ಹಾಡು, ಅದರ ಮೇಲೆ ಎರಡು ನಿಮಿಷದ ಮೌನ. ಆ ಮೌನವೇ ಹಾಡಿನ ನಿಜವಾದ ಕೊನೆಯ ಸಾಲೆಂದು ನಮಗೆ ತೋರಿದೆ.

ಚಲನಚಿತ್ರಗಳಲ್ಲಿ ನಮ್ಮ ಆಯ್ಕೆ 1995ರ 'ಗಾನಯೋಗಿ ಪಂಚಾಕ್ಷರಿ ಗವಾಯಿ'. ನಮ್ಮ ಊರಿಗೂ ಅದಕ್ಕೂ ನಂಟಿದೆ. ಅದನ್ನು ನಿರ್ದೇಶಿಸಿದವರು ದಾವಣಗೆರೆಯ ಪ್ರಸಿದ್ಧ ರಂಗಮನೆತನದ ಚಿಂದೋಡಿ ಬಂಗಾರೇಶ್. ಕೆ.ಬಿ.ಆರ್. ಡ್ರಾಮಾ ಕಂಪನಿಯ ಚಿಂದೋಡಿ ಲೀಲಾ ಅವರ ಹೆಸರನ್ನು ಈ ಸೀಮೆಯಲ್ಲಿ ಕೇಳದವರಾರು? ಚಿತ್ರದ ಸಂಗೀತಕ್ಕಾಗಿ ಹಂಸಲೇಖ ಅವರಿಗೂ, ಗಾಯನಕ್ಕಾಗಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ರಾಷ್ಟ್ರಪ್ರಶಸ್ತಿ ಸಂದಿತು. ಹಾನಗಲ್ ಕುಮಾರ ಸ್ವಾಮಿಗಳ ಆಶ್ರಯ ಪಡೆದ ಅಂಧ ಬಾಲಕನೊಬ್ಬ ಹಿಂದುಸ್ತಾನಿ, ಕರ್ನಾಟಕ ಎರಡೂ ಪದ್ಧತಿಗಳನ್ನು ಕೈವಶ ಮಾಡಿಕೊಂಡು, ತನ್ನಂತೆಯೇ ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತ ಕಥೆ ಅದು. ಪಂಚಾಕ್ಷರಿ ಗವಾಯಿಗಳು (1892–1944) ಗದಗಿನಲ್ಲಿ ಬೆಳೆಸಿದ ವೀರೇಶ್ವರ ಪುಣ್ಯಾಶ್ರಮವನ್ನು ಅವರ ನಂತರ 2010ರವರೆಗೂ ನಡೆಸಿದ ಪುಟ್ಟರಾಜ ಗವಾಯಿಗಳೂ ಅಂಧರೇ. ಮೇಲೆ ಹೇಳಿದ ಬಸವರಾಜ ರಾಜಗುರುಗಳು ಪಂಚಾಕ್ಷರಿ ಗವಾಯಿಗಳ ಶಿಷ್ಯರೇ.

ಈ ಚಿತ್ರವನ್ನು ತಂದೆಯವರು ನೋಡಿದ್ದಕ್ಕಿಂತ ಕೇಳಿದ್ದೇ ಹೆಚ್ಚು. ಪಕ್ಕದಲ್ಲಿ ಕುಳಿತ ಮೊಮ್ಮಗ, "ಅಜ್ಜಾ, ಈಗ ಸ್ವಾಮಿಗಳು ಬಂದರು, ಹುಡುಗನ ತಲೆಯ ಮೇಲೆ ಕೈಯಿಟ್ಟರು" ಎಂದು ದೃಶ್ಯಗಳನ್ನು ಬಣ್ಣಿಸುತ್ತಿದ್ದ. ಚಿತ್ರ ಮುಗಿದಾಗ ನಾವೊಂದು ವಿಶೇಷವನ್ನು ಗಮನಿಸಿದೆವು. ಯಾವ ಚಿತ್ರದ ಮುಂದೆಯೂ ಅರ್ಧ ಗಂಟೆ ನೆಟ್ಟಗೆ ಕೂರದ ಆ ಹುಡುಗ ಅಂದು ಒಂದು ದೃಶ್ಯವನ್ನೂ ತಪ್ಪಿಸಿರಲಿಲ್ಲ. ಮತ್ತೊಬ್ಬರ ಸಲುವಾಗಿ ನೋಡುವವನು ತನ್ನ ಸಲುವಾಗಿ ನೋಡುವವನಿಗಿಂತ ಹೆಚ್ಚು ಕಾಣುತ್ತಾನೆ. ಈ ಬರಹದಲ್ಲಿ ನಾವು ಹೇಳಬೇಕೆಂದಿರುವ ಮಾತು ಇದೊಂದೇ.

ಶಿಲ್ಪಕಲೆಯ ವಿಷಯದಲ್ಲಿಯೂ ಇದೇ ಅನುಭವವಾಯಿತು. ದಾವಣಗೆರೆಯಿಂದ ಸುಮಾರು 14 ಕಿಲೋಮೀಟರು ದೂರದ ಹರಿಹರದಲ್ಲಿ ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದ ಹರಿಹರೇಶ್ವರ ದೇವಾಲಯವಿದೆ. ಇಷ್ಟು ಸಮೀಪವಿರುವುದರಿಂದಲೇ ನಮ್ಮಲ್ಲಿ ಹಲವರು ಅದನ್ನು ನಿಂತು ನೋಡಿದ್ದಿಲ್ಲ. ಇಷ್ಟಲಿಂಗನಿಷ್ಠರಾದ ನಮಗೆ ಅಲ್ಲಿ ಶಿಲ್ಪಿಗಳ ಕಾಯಕವೇ ದರ್ಶನ. "ಹೇಗಿದೆ ಮೂರ್ತಿ, ಹೇಳು" ಎಂದು ತಂದೆಯವರು ಕೇಳಿದರು. ಹಿಂದೆ ಎರಡು ಬಾರಿ ಬಂದು ಹೋಗಿದ್ದ ಹುಡುಗ ಅಂದು ಮೊದಲ ಸಲ ದಿಟ್ಟಿಸಿ ನೋಡಿ, "ಮೂರ್ತಿ ಒಂದೇ ಅಜ್ಜಾ, ಬಲಗಡೆ ಶಿವ, ಎಡಗಡೆ ವಿಷ್ಣು" ಎಂದು ಬೆರಗಿನಿಂದ ನುಡಿದ. ಬಳಿಕ ಮಂಟಪದ ಕಲ್ಲಿನ ಜಗಲಿಯ ಮೇಲೆ ಬಹಳ ಹೊತ್ತು ಕುಳಿತೆವು. ತಿರುಗಣೆಗೆ ಕೊಟ್ಟು ಕಡೆದಂತಿರುವ ಆ ದುಂಡು ಕಂಬಗಳ ನಡುವೆ ಬಿಸಿಲಿನ ಹೊತ್ತಿನಲ್ಲಿಯೂ ತಂಪು. ಶಿಲ್ಪಗಳನ್ನು ಮುಟ್ಟಿ ಸವೆಸುವುದು ಬೇಡ. ಆ ತಂಪಿನಲ್ಲಿ ಸುಮ್ಮನೆ ಕುಳಿತರೆ ಸಾಕು, ಕಣ್ಣಿಲ್ಲದೆಯೂ ಆ ಕಟ್ಟಡದ ಘನತೆ ಮನಸ್ಸಿಗೆ ಇಳಿಯುತ್ತದೆ. ಹಬ್ಬ ಮತ್ತು ರಜೆಯ ದಿನಗಳನ್ನು ಬಿಟ್ಟು ವಾರದ ನಡುವೆ ಬೆಳಿಗ್ಗೆ ಹೋಗುವುದು ಲೇಸು. ಅಲ್ಲಿಂದ ತುಂಗಭದ್ರೆಯ ದಡ ಹತ್ತಿರವೇ. ಬೇಸಿಗೆಯಲ್ಲಿ ಬಂಡೆಗಳ ನಡುವೆ ಸೊರಗಿ ಹರಿಯುವ ಹೊಳೆಯ ಸದ್ದಿಗೂ ಮಳೆಗಾಲದ ತುಂಬುಹೊಳೆಯ ಸದ್ದಿಗೂ ಇರುವ ಅಂತರವನ್ನು ಕಿವಿಯಿಂದಲೇ ಅರಿಯಬಹುದು.

ಅಷ್ಟು ದೂರ ಹೋಗಲಾಗದವರಿಗೆ ಊರಂಚಿನ ಕುಂದುವಾಡ ಕೆರೆಯಿದೆ. ನಗರಕ್ಕೆ ಕುಡಿಯುವ ನೀರೊದಗಿಸುವ ಈ ಕೆರೆಯ ಏರಿಯ ಮೇಲೆ ಸೂರ್ಯೋದಯಕ್ಕೆ ಮುನ್ನ ನಡೆಯಬೇಕು. ಹಕ್ಕಿಗಳ ದನಿ, ನೀರಿನ ಮೇಲಿಂದ ಬರುವ ಗಾಳಿ, ಇಷ್ಟೇ ಅಲ್ಲಿನ ಕಛೇರಿ. ರಜೆಯ ಸಂಜೆ ಮಾತ್ರ ಅಲ್ಲಿ ಶಾಂತಿ ಸಿಗುವುದು ಕಷ್ಟ. ವಾಹನದ ಅನುಕೂಲವಿದ್ದವರು ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಿ, ಕೆಂಗ ಹನುಮಂತಪ್ಪನಾಯಕನು ಕಟ್ಟಿಸಿದ ಪುಷ್ಕರಣಿಯ ಮೆಟ್ಟಿಲುಗಳ ಮೇಲೆ ಒಂದು ತಾಸು ಕುಳಿತು ಬರಬಹುದು. ನೀರಿನ ನಡುವೆ ನಿಂತ ವಸಂತಮಂಟಪವನ್ನು ಬಣ್ಣಿಸುವ ಭಾಗ್ಯ ಮಕ್ಕಳಿಗಿರಲಿ.

ತಂದೆಯವರ ನೋಟ ಹಿಂದಿನಂತಾಗಿಲ್ಲ. ಆಗುವುದೂ ಇಲ್ಲವೆಂದು ಅವರೇ ಬಲ್ಲರು. ಗ್ಲಾಕೋಮಾ ಮನೆತನದಲ್ಲಿ ಇಳಿದು ಬರಬಹುದಾದ ಬೇನೆಯಾದ್ದರಿಂದ ನಾವು ಒಡಹುಟ್ಟಿದವರೆಲ್ಲರೂ ವರ್ಷಕ್ಕೊಮ್ಮೆ ಕಣ್ಣು ಪರೀಕ್ಷಿಸಿಕೊಳ್ಳುತ್ತಿದ್ದೇವೆ. ನಲವತ್ತು ದಾಟಿದ ಬಂಧುಗಳಲ್ಲಿ, ವಿಶೇಷವಾಗಿ ಮನೆಯಲ್ಲಿ ಯಾರಿಗಾದರೂ ಈ ಬೇನೆಯಿದ್ದವರಲ್ಲಿ, ಇದೇ ನಮ್ಮ ಅರಿಕೆ.

ಇನ್ನು ಹಾಡು, ಚಿತ್ರ, ತಾಣಗಳ ಮಾತು. ನಮ್ಮ ಪಟ್ಟಿಯೇ ನಿಮ್ಮ ಪಟ್ಟಿಯಾಗಬೇಕಿಲ್ಲ. ನಿಮ್ಮ ಊರಲ್ಲಿ ನಿಮ್ಮದೇ ಕೆರೆಯಿದ್ದೀತು, ನಿಮ್ಮದೇ ಹಾಡುಗಾರರಿದ್ದಾರು. ಆದರೆ ಆರಿಸುವಾಗ ಮನೆಯ ಮೂಲೆಯಲ್ಲಿ ಒಬ್ಬರೇ ಕುಳಿತ ಹಿರಿಯರನ್ನು ಮೊದಲು ನೆನೆಯಿರಿ. ಅವರ ಕೈಹಿಡಿದು ಕರೆದೊಯ್ಯಿರಿ, ಕಂಡದ್ದನ್ನು ಹೇಳಿರಿ, ಅವರು ಕೇಳಿದ್ದನ್ನು ಕೇಳಿರಿ. ದಾಸೋಹವೆಂಬುದು ಅನ್ನಕ್ಕಷ್ಟೇ ಮುಗಿಯುವುದಿಲ್ಲ. ಕಣ್ಣುಳ್ಳವರು ಕಣ್ಣಿನ ದಾಸೋಹವನ್ನೂ ಮಾಡಬಹುದು.