ಪೆನ್ಸಿಲ್ಲಿನ ಒಂದು ಪ್ರಶ್ನೆ ಗುರುತು

ಮೊನ್ನೆ ಅಕ್ಕನ ಮಗ ವಾಟ್ಸಾಪಿನಲ್ಲಿ ತನ್ನ ರೆಸ್ಯೂಮೆ, ಕವರ್ ಲೆಟರ್ ಎರಡೂ ಕಳಿಸಿ "ಚಿಕ್ಕಮ್ಮಾ, ಒಂಚೂರು ತಪ್ಪು ನೋಡಿಕೊಡು" ಅಂದ. ಹುಡುಕಿದೆ, ಹುಡುಕಿದೆ... ಒಂದು ಸ್ಪೆಲ್ಲಿಂಗ್ ತಪ್ಪಿಲ್ಲ! "ಎಐ ಹತ್ರ ತಿದ್ದಿಸಿದೀನಿ" ಅಂತ ಆಮೇಲೆ ಹೇಳಿದ. ನಂಗೆ ಜೆರಾಕ್ಸ್ ಅಂಗಡಿ ಅಂಕಲ್ ನೆನಪಾದರು.

2005ನೇ ಇಸವಿ. ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಕೊನೇ ವರ್ಷ. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ ನಾನು. ಇಂಗ್ಲಿಷ್ ಬರೆದು ಲೆಕ್ಚರರಿಗೆ ತೋರಿಸೋಕೆ ನಾಚಿಕೆ. ಸೀನಿಯರ್ ಒಬ್ಬಳ ರೆಸ್ಯೂಮೆ ಫ್ಲಾಪಿಗೆ ಹಾಕ್ಕೊಂಡು ಹೆಸರು, ಮಾರ್ಕ್ಸು ಬದಲಾಯಿಸಿದೆ. ಮುಗೀತು, ನನ್ನ ರೆಸ್ಯೂಮೆ ರೆಡಿ!

ಪ್ರಿಂಟ್ ತೆಗೆಯೋಕೆ ಹೋದರೆ ಅಂಕಲ್ ಹಾಳೆ ಕೊಡದೆ ಕೈಯಲ್ಲೇ ಹಿಡ್ಕೊಂಡರು. ಅವರು ಓದಿದ್ದು ಎಸ್ಸೆಸ್ಸೆಲ್ಸಿ. ಡಿಟಿಪಿ ಬರೋ ಮೊದಲು ಪ್ರೆಸ್ಸಿನಲ್ಲಿ ಮೊಳೆ ಜೋಡಿಸ್ತಿದ್ದವರು. ಮೊಳೆಯಲ್ಲಿ ಅಕ್ಷರ ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿರುತ್ತಲ್ಲ, ಅದನ್ನೇ ಓದಿ ಓದಿ ಪಳಗಿದ ಕಣ್ಣು. ಕಿವಿಯಿಂದ ಪೆನ್ಸಿಲ್ ತೆಗೆದು ಕೊನೇ ಪದದಿಂದ ಹಿಂದಕ್ಕೆ ಓದೋಕೆ ಶುರು ಮಾಡಿದರು!

"ಮುಂದಿನಿಂದ ಓದಿದ್ರೆ ಅರ್ಥ ಎಳ್ಕೊಂಡು ಹೋಗುತ್ತಮ್ಮ, ಕಣ್ಣು ಅಕ್ಷರ ನೋಡಲ್ಲ. ಹಿಂದಿನಿಂದ ಬಾ."

ಸಿಕ್ಕಿಬಿತ್ತು. ಕವರ್ ಲೆಟರಿನ ಮೊದಲ ಸಾಲಿನ 'ಮ್ಯಾನೇಜರ್'ನಲ್ಲಿ ಎರಡನೇ 'ಎ' ಇರಲೇ ಇಲ್ಲ. ಅಂಗಡಿಯಲ್ಲಿದ್ದ ಡಿಕ್ಷನರಿ ತೆಗೆದರೆ ಆ ಪದಕ್ಕೆ ದನಕ್ಕೆ ಮೇವು ಹಾಕೋ ಗೋದಲಿ ಅಂತ ಅರ್ಥ! ಅದೂ ಸರಿಯಾದ ಇಂಗ್ಲಿಷ್ ಪದವೇ ಆದ್ದರಿಂದ ಕಂಪ್ಯೂಟರ್ ಕೆಂಪು ಗೆರೆ ಎಳೆದಿರಲಿಲ್ಲ. 'ಮಾನ್ಯ ಗೋದಲಿಯವರೇ' ಅಂತ ಅರ್ಜಿ ಹಾಕೋಳಿದ್ದೆ ನಾನು :-)

ಆಮೇಲೆ ಮಾರ್ಕ್ಸ್ ಕಾರ್ಡ್ ನನ್ನ ಕೈಗೆ ಕೊಟ್ಟು "ನೀನು ಗಟ್ಟಿಯಾಗಿ ಓದು, ನಾನು ಇದರಲ್ಲಿ ನೋಡ್ತೀನಿ" ಅಂದರು. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದದ್ದು ಹೀಗೇ ಇಬ್ಬರು ಕೂತಂತೆ. ರೆಸ್ಯೂಮೆಯಲ್ಲಿ 71.4 ಇದ್ದದ್ದು ಕವರ್ ಲೆಟರಿನಲ್ಲಿ 74.1 ಆಗಿತ್ತು. "ಅಂಕಿ ಅದಲು ಬದಲಾದ್ರೆ ಅವರು ತಪ್ಪು ಅನ್ನಲ್ಲ, ಸುಳ್ಳು ಅಂತಾರೆ."

ಎಲ್ಲ ಮುಗೀತು ಅಂದ್ಕೊಂಡೆ. ಒಂದು ಸಾಲಿನ ಪಕ್ಕ ಮಾತ್ರ ಸಣ್ಣದಾಗಿ ಪ್ರಶ್ನೆ ಗುರುತು. ಆಗೆಲ್ಲ ರೆಸ್ಯೂಮೆಯಲ್ಲಿ ಅಪ್ಪನ ಹೆಸರು, ಉದ್ಯೋಗ ಬರೀತಿದ್ವಿ. ನಾನು 'ಬಿಸಿನೆಸ್' ಅಂತ ಬರೆದಿದ್ದೆ. ಸೀನಿಯರಿನದರಲ್ಲಿ ಹಾಗಿತ್ತು, ನಾನು ಬದಲಾಯಿಸಿರಲಿಲ್ಲ. ಮರೆತು ಅಲ್ಲ...

"ಇದರ ಸ್ಪೆಲ್ಲಿಂಗ್ ಸರಿ ಇದೆಯಲ್ಲ ಅಂಕಲ್?"

"ಸರಿ ಇದೆ. ತಪ್ಪಾಗಿದ್ರೆ ನಾನೇ ತಿದ್ದುತಿದ್ದೆ. ಪ್ರಶ್ನೆ ಗುರುತು ಹಾಕಿದ್ರೆ ಬರೆದವರೇ ತೀರ್ಮಾನ ಮಾಡ್ಬೇಕು. ಅದು ಪ್ರೆಸ್ಸಿನ ನಿಯಮ."

ಹಿಂದಿನ ತಿಂಗಳು ನನ್ನ ಸ್ಕಾಲರ್‌ಶಿಪ್ ಅರ್ಜಿ ಜೆರಾಕ್ಸ್ ಮಾಡಿಕೊಟ್ಟಿದ್ದು ಅವರೇ. ಅದರಲ್ಲಿ ಅಪ್ಪನ ಉದ್ಯೋಗ ಇತ್ತು, ಆದಾಯವೂ ಇತ್ತು. ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಬೇರೆ ಗಿರಾಕಿಯ ಕಡೆ ತಿರುಗಿಬಿಟ್ಟರು.

ಐದು ನಿಮಿಷ ನಿಂತೇ ಇದ್ದೆ. ಮುಖ ಬಿಸಿ ಆಗಿತ್ತು. ಕೊನೆಗೆ ಹೋಗಿ ಕಂಪ್ಯೂಟರ್ ಮುಂದೆ ಕೂತೆ. ಹಮಾಲಿಗೆ ಇಂಗ್ಲಿಷಿನಲ್ಲಿ ಏನಂತಾರೆ ಅಂತ ನಂಗೂ ಗೊತ್ತಿಲ್ಲ, ಅಂಕಲ್‌ಗೂ ಗೊತ್ತಿಲ್ಲ. 'ಹಮಾಲಿ, ಅಡಿಕೆ ಮಂಡಿ' ಅಂತಲೇ ಇಂಗ್ಲಿಷ್ ಅಕ್ಷರದಲ್ಲಿ ಹೊಡೆದೆ. ಎರಡನೇ ಪ್ರಿಂಟಿಗೆ ದುಡ್ಡು ತಗೊಳ್ಳಲಿಲ್ಲ ಅವರು.

ಆ ಕಂಪನಿಯಲ್ಲಿ ಕೆಲಸ ಸಿಗಲಿಲ್ಲ, ಅದು ಬೇರೆ ವಿಷಯ. ಆ ವಾರ ಊರಿಗೆ ಹೋದಾಗ ಅಪ್ಪ ಹಾಳೆ ತಗೊಂಡು "ಇದ್ರಲ್ಲಿ ನನ್ನ ಹೆಸ್ರು ಎಲ್ಲೈತೆ?" ಅಂದ. ಬೆರಳಿಟ್ಟು ತೋರಿಸಿದೆ. "ಪಕ್ಕದಲ್ಲಿರೋದು?" ಓದಿ ಹೇಳಿದೆ. "ಹ್ಞೂಂ, ಸರಿಯಾಗೇ ಬರ್ದೀಯ" ಅಂತ ಹೇಳಿ ಹಾಳೆ ಮಡಚದೆ ಹಾಗೇ ವಾಪಸ್ ಕೊಟ್ಟ. ಮೊದಲಿನ ಪ್ರಿಂಟೇ ತಂದಿದ್ದರೆ ನಾನು ಏನು ಓದಿ ಹೇಳ್ತಿದ್ದೆನೋ, ಇವತ್ತಿಗೂ ಗೊತ್ತಿಲ್ಲ.

ಅಕ್ಕನ ಮಗನ ಕವರ್ ಲೆಟರ್ ಮತ್ತೆ ತೆಗೆದು ನೋಡಿದೆ. 'ಕಾಲೇಜಿನ ಫೆಸ್ಟಿನ ಪೂರ್ತಿ ನೇತೃತ್ವ ನನ್ನದೇ' ಅನ್ನೋ ಅರ್ಥದ ಒಂದು ಸಾಲಿತ್ತು. ಎರಡು ದಿನ ಗೇಟ್ ಹತ್ರ ಕೂಪನ್ ಹರಿದು ಕೊಟ್ಟೆ ಅಂತ ಅವನೇ ಗೊಣಗಿದ್ದು ನೆನಪಾಯ್ತು. ಪಕ್ಕದಲ್ಲಿ ಒಂದು ಪ್ರಶ್ನೆ ಗುರುತು ಹಾಕಿ ಕಳಿಸಿದೆ.

"ಚಿಕ್ಕಮ್ಮಾ, ಇದ್ರಲ್ಲೇನು ತಪ್ಪಿದೆ?"

"ತಪ್ಪು ಅಂತ ನಾನೆಲ್ಲಿ ಹೇಳ್ದೆ?"

ಅರ್ಧ ಗಂಟೆಯಿಂದ ಏನೋ ಟೈಪ್ ಮಾಡ್ತಾನೆ, ಅಳಿಸ್ತಾನೆ...