ಕಟ್ಟಡದ ಮಗ್ಗುಲಲ್ಲಿ ನಡೆಯುವಾಗ

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆಯನ್ನು ನೀವು ಕೇಳಿದ್ದೀರಿ. ಕಟ್ಟಿಸುವವರ ಕಷ್ಟವನ್ನು ಅದು ಹೇಳುತ್ತದೆ. ಕೆಲಸ ನಡೆಯುವಾಗ ಅದರ ಮಗ್ಗುಲಲ್ಲೇ ಓಡಾಡಬೇಕಾದವರ ಪಾಡನ್ನು ಮಾತ್ರ ಹೇಳುವುದಿಲ್ಲ. ಆ ಪಾಡನ್ನು ನಾನು ಎರಡು ವರ್ಷ ಅನುಭವಿಸಿದ್ದೇನೆ. ನಾಳೆ ನೀವೂ ಕಾಲೇಜಿಗೆ, ವಿಶ್ವವಿದ್ಯಾನಿಲಯಕ್ಕೆ ಹೋಗುವವರು. ಆದ್ದರಿಂದ ಆ ಅನುಭವವನ್ನು ನಿಮಗೆ ಹೇಳಬೇಕೆನಿಸಿದೆ.

ವಿಶ್ವವಿದ್ಯಾನಿಲಯವನ್ನು ಮನೆಯಂತೆ ಒಮ್ಮೆ ಕಟ್ಟಿ ಮುಗಿಸಲಾಗುವುದಿಲ್ಲ. ಕೊಣಾಜೆಯ ಗುಡ್ಡದ ಮೇಲಿರುವ ಮಂಗಳೂರು ವಿಶ್ವವಿದ್ಯಾನಿಲಯ 1980ರಲ್ಲಿ ಆರಂಭವಾಯಿತು. ನಮ್ಮ ಕಾಸರಗೋಡು ಜಿಲ್ಲೆಯ ಪೆರಿಯದಲ್ಲಿರುವ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯ 2009ರಲ್ಲಿ ಸ್ಥಾಪನೆಯಾಯಿತು. ಇಂತಹ ಸಂಸ್ಥೆಗಳಲ್ಲಿ ಹೊಸ ವಿಭಾಗ ಬಂದರೆ ಹೊಸ ಕಟ್ಟಡ ಬೇಕು. ವಿದ್ಯಾರ್ಥಿಗಳು ಹೆಚ್ಚಿದರೆ ಹೊಸ ವಸತಿನಿಲಯ ಬೇಕು. ಪಾಠವೂ ನಿಲ್ಲುವಂತಿಲ್ಲ, ಕೆಲಸವೂ ನಿಲ್ಲುವಂತಿಲ್ಲ. ನಾನು ಓದಿದ್ದು ಇವೆರಡೂ ಅಲ್ಲದ, ದೂರದ ಇನ್ನೊಂದು ವಿಶ್ವವಿದ್ಯಾನಿಲಯದಲ್ಲಿ. ಅಲ್ಲಿಯೂ ಮುರಕಲ್ಲಿನ ಗುಡ್ಡ. ಜೂನ್ ತಿಂಗಳು ಬಂತೆಂದರೆ ಎಡೆಬಿಡದ ಮಳೆ.

ಅಲ್ಲಿ ನಾನು ಕಲಿತ ಮೊದಲ ಪಾಠ, ನಿನ್ನೆಯ ದಾರಿ ಇಂದು ಇರಬೇಕೆಂದಿಲ್ಲ ಎಂಬುದು. ಬೆಳಿಗ್ಗೆ ನಡೆದುಹೋದ ಕಾಲುದಾರಿಯಲ್ಲಿ ಸಂಜೆಗೆ ಜೆ.ಸಿ.ಬಿ. ನಿಂತಿರುತ್ತಿತ್ತು. ಅಗೆದ ಹೊಂಡದ ಅಂಚು ನೋಡಲು ಗಟ್ಟಿಯಾಗಿಯೇ ಕಾಣುತ್ತದೆ. ಆದರೆ ಒಂದು ಘನ ಮೀಟರ್ ಮಣ್ಣು ಸುಮಾರು ಒಂದೂವರೆ ಟನ್ ತೂಗುತ್ತದೆ. ಮಳೆನೀರು ಕುಡಿದರೆ ಇನ್ನೂ ಹೆಚ್ಚು. ಅಂತಹ ಮಣ್ಣು ಜಾರಿದರೆ ಕೆಳಗಿರುವವನಿಗೆ ಓಡಲು ಸಮಯವೇ ಸಿಗದು. ಹೊಸದಾಗಿ ಹಾಕಿದ ತಾರಸಿಯದೂ ಹೀಗೆಯೇ. ಮೇಲೆ ಒಣಗಿದಂತೆ ಕಂಡರೂ ಅದು ತನ್ನ ಭಾರವನ್ನು ತಾನೇ ಹೊರಲು ದಿನಗಳು ಬೇಕು. ಕಂಬಗಳ ನಡುವಿನ ಅಂತರ ನಾಲ್ಕೂವರೆ ಮೀಟರಿಗಿಂತ ಹೆಚ್ಚಿದ್ದರೆ ಸಾಮಾನ್ಯವಾಗಿ 14 ದಿನಗಳವರೆಗಾದರೂ ಅಡಿಯ ಆಧಾರದ ಕಂಬಗಳನ್ನು ತೆಗೆಯಬಾರದೆಂಬ ನಿಯಮವಿದೆ. ಮಳೆ ಬಂತೆಂದು ಅಂತಹ ತಾರಸಿಯ ಕೆಳಗೆ ಓಡಿ ನಿಲ್ಲುವವರನ್ನು ನಾನು ಎಷ್ಟೋ ಸಲ ಕಂಡಿದ್ದೇನೆ. ನೀವು ಹಾಗೆ ನಿಲ್ಲಬೇಡಿ; ನೆನೆದರೂ ಚಿಂತೆಯಿಲ್ಲ. ಹಿಂದಕ್ಕೆ ಬರುವ ಲಾರಿಯ ಬೆನ್ನಿಗೂ ನಿಲ್ಲಬೇಡಿ. ನೀವು ಲಾರಿಯನ್ನು ಕಂಡಿರಿ ಎಂದಮಾತ್ರಕ್ಕೆ ಚಾಲಕ ನಿಮ್ಮನ್ನು ಕಂಡಿದ್ದಾನೆ ಎಂದು ತಿಳಿಯಬಾರದು.

ಕೆಲಸದ ಜಾಗದಲ್ಲಿ ತೂಗುಹಾಕುವ ಫಲಕಗಳಿಗೂ ಒಂದು ಭಾಷೆಯಿದೆ. ಕೆಂಪು ವೃತ್ತದೊಳಗೆ ಅಡ್ಡಗೆರೆ ಇದ್ದರೆ 'ಕೂಡದು' ಎಂದರ್ಥ. ಹಳದಿ ತ್ರಿಕೋನ 'ಎಚ್ಚರ' ಎನ್ನುತ್ತದೆ. ನೀಲಿ ವೃತ್ತ ಮಾಡಲೇಬೇಕಾದುದನ್ನು, ಉದಾಹರಣೆಗೆ ಹೆಲ್ಮೆಟ್ ಧರಿಸುವುದನ್ನು, ತಿಳಿಸುತ್ತದೆ. ಹಸಿರು ಫಲಕ ಸುರಕ್ಷಿತವಾಗಿ ಹೊರಗೆ ಹೋಗುವ ದಾರಿಯನ್ನು ತೋರಿಸುತ್ತದೆ. ಈ ನಾಲ್ಕು ಬಣ್ಣಗಳನ್ನು ನೆನಪಿಟ್ಟರೆ ಯಾವ ಊರಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಆದರೆ ಫಲಕವನ್ನು ನೋಡಲಾಗದವರು ಏನು ಮಾಡಬೇಕು? ಈ ಪ್ರಶ್ನೆ ನನ್ನ ಮನಸ್ಸಿಗೆ ಬಂದದ್ದು ಒಬ್ಬ ಗೆಳೆಯನಿಂದ. ಅವನಿಗೆ ಹುಟ್ಟಿನಿಂದಲೇ ಕಣ್ಣು ಕಾಣದು. ವಸತಿನಿಲಯದಿಂದ ಗ್ರಂಥಾಲಯಕ್ಕೆ ಎಷ್ಟು ಹೆಜ್ಜೆ, ಎಲ್ಲಿ ತಿರುವು, ಎಲ್ಲಿ ಮೆಟ್ಟಿಲು ಎಲ್ಲವೂ ಅವನಿಗೆ ಬಾಯಿಪಾಠ. ಬಿಳಿಯ ಕೋಲು ಹಿಡಿದು ನಮಗಿಂತ ಬೇಗ ನಡೆಯುತ್ತಿದ್ದ. ಒಂದು ಸೋಮವಾರ ವಿದ್ಯುತ್ ಕೇಬಲ್ ಹಾಕಲೆಂದು ಆ ದಾರಿಗೆ ಅಡ್ಡವಾಗಿ ಆಳದ ಕಣಿ ತೋಡಿದ್ದರು. ಸೊಂಟದ ಎತ್ತರಕ್ಕೆ ಕೆಂಪು ಬಿಳಿ ಪಟ್ಟಿಯನ್ನೂ ಕಟ್ಟಿದ್ದರು. ಕಣ್ಣಿದ್ದವರಿಗೆ ಅಷ್ಟು ಸಾಕು. ಆದರೆ ಅವನ ಕೋಲು ಪಟ್ಟಿಯ ಅಡಿಯಿಂದ ಸಾಗಿತು. ತಗಲಬೇಕಾದ ನೆಲ ಅಲ್ಲಿರಲಿಲ್ಲ. ಇನ್ನೊಂದು ಹೆಜ್ಜೆ ಇಡುವಷ್ಟರಲ್ಲಿ ಕಣಿಯ ಬಳಿ ಕೆಲಸ ಮಾಡುತ್ತಿದ್ದ ಒಡಿಶಾದ ಕಾರ್ಮಿಕನೊಬ್ಬ ಕೂಗಿ, ಓಡಿಬಂದು ಅವನ ತೋಳು ಹಿಡಿದ. ಒಬ್ಬನ ಮಾತು ಇನ್ನೊಬ್ಬನಿಗೆ ತಿಳಿಯದು. ಆದರೂ ಆ ಕೂಗಿನ ಅರ್ಥ ಗೆಳೆಯನಿಗೆ ಆಯಿತು.

ಮರುದಿನ ನಾವು ಐದಾರು ಮಂದಿ ಕೆಲಸದ ಉಸ್ತುವಾರಿ ನೋಡುತ್ತಿದ್ದ ಇಂಜಿನಿಯರರ ಬಳಿಗೆ ಹೋದೆವು. ಗೆಳೆಯನೇ ಮಾತನಾಡಿದ. "ಸಾರ್, ನನಗೆ ಯಾರ ಕೈಯೂ ಬೇಡ. ನಾಳೆ ಎಲ್ಲಿ ಅಗೆಯುತ್ತೀರಿ ಎಂದು ಇಂದು ಹೇಳಿದರೆ ಸಾಕು" ಎಂದ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆಮೇಲೆ ಮೇಸ್ತ್ರಿಯನ್ನು ಕರೆದರು. ಅಂದಿನಿಂದ ಕಣಿಗಳ ಸುತ್ತ ಕೋಲಿಗೆ ತಗಲುವಂತೆ ನೆಲದ ಮಟ್ಟದಲ್ಲಿ ಹಲಗೆ ಬಂತು. ಮರುದಿನ ಯಾವ ದಾರಿ ಮುಚ್ಚುತ್ತದೆ, ಬದಲಿ ದಾರಿ ಯಾವುದು ಎಂಬ ಸೂಚನೆ ಪ್ರತಿದಿನ ಸಂಜೆ ವಸತಿನಿಲಯದ ಬಾಗಿಲಿಗೆ ಬರುತ್ತಿತ್ತು. ಊಟದ ಹೊತ್ತಿನಲ್ಲಿ ನಮ್ಮಲ್ಲೊಬ್ಬರು ಅದನ್ನು ಗಟ್ಟಿಯಾಗಿ ಓದುತ್ತಿದ್ದೆವು. ಮೊದಲು ಇಂಗ್ಲಿಷಿನಲ್ಲಿ ಮಾತ್ರ ಇದ್ದ ಸೂಚನೆ ಕ್ರಮೇಣ ಹಿಂದಿಯಲ್ಲೂ ಆ ಊರಿನ ಭಾಷೆಯಲ್ಲೂ ಬರತೊಡಗಿತು. ಹಲವು ಭಾಷೆಗಳ ನಡುವೆ ಬೆಳೆದ ನಮಗೆ ಇದರ ಬೆಲೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಓದಲು ಬಾರದ ಭಾಷೆಯಲ್ಲಿ ಬರೆದ ಎಚ್ಚರಿಕೆ ಬರೆಯದಿದ್ದಂತೆಯೇ.

ಅಪಾಯದ ತೀರ ಹತ್ತಿರ ಇರುವವರು ಯಾರೆಂಬುದನ್ನೂ ಮರೆಯಬೇಡಿ. ನಾವು ಆ ದಾರಿಯಲ್ಲಿ ದಿನಕ್ಕೆ ನಾಲ್ಕು ಸಲ ಹಾದುಹೋಗುವವರು. ಕಾರ್ಮಿಕರು ಇಡೀ ದಿನ ಹೊಂಡದೊಳಗೆ, ಸಾರುವೆಯ ಮೇಲೆ ನಿಂತು ದುಡಿಯುವವರು. ಕಟ್ಟಡ ಕಾರ್ಮಿಕರ ಸುರಕ್ಷತೆಗಾಗಿಯೇ ನಮ್ಮ ಸಂಸತ್ತು 1996ರಲ್ಲಿ ಪ್ರತ್ಯೇಕ ಕಾಯಿದೆ ಮಾಡಿತು; 2020ರಲ್ಲಿ ಅದನ್ನು ಒಳಗೊಂಡ ಹೊಸ ಸಂಹಿತೆ ರೂಪುಗೊಂಡಿತು. ಕಾಯಿದೆ ಪುಸ್ತಕದಲ್ಲಿದ್ದರೆ ಸಾಲದು; ಹೆಲ್ಮೆಟ್ ತಲೆಯ ಮೇಲಿರಬೇಕು.

ನಿಮ್ಮ ಶಾಲೆಯಲ್ಲೂ ಹೊಸ ಕೊಠಡಿಯ ಕೆಲಸ ನಡೆಯಬಹುದು. ಆಗ ಬೇಲಿ ದಾಟಿ ಹತ್ತಿರದ ದಾರಿ ಹಿಡಿಯಬೇಡಿ. ಗುಂಡಿಯಲ್ಲಿ, ಡ್ರಮ್ಮಿನಲ್ಲಿ ನೀರು ವಾರಗಟ್ಟಲೆ ನಿಂತಿದ್ದರೆ ಶಿಕ್ಷಕರಿಗೆ ತಿಳಿಸಿ. ಡೆಂಗ್ಯೂ ಹರಡುವ ಸೊಳ್ಳೆ ಬೆಳೆಯುವುದು ಅಂತಹ ನೀರಿನಲ್ಲಿ. ಅವಘಡವಾದರೆ ದೂರ ನಿಂತು ಹಿರಿಯರನ್ನು ಕರೆಯಿರಿ, 112ಕ್ಕೆ ಫೋನು ಮಾಡಿಸಿ. ಯಾವ ದಾರಿ ಮುಚ್ಚಿದೆ ಎಂಬುದು ನಿಮಗೆ ಗೊತ್ತಾದರೆ, ಅದನ್ನು ಕಾಣಲಾಗದವರಿಗೆ, ಓದಲು ಬಾರದವರಿಗೆ, ಅಂದೇ ಹೊಸದಾಗಿ ಬಂದವರಿಗೆ ಒಂದು ಮಾತು ಹೇಳಿ. ಅದಕ್ಕೆ ಖರ್ಚಿಲ್ಲ, ಅದರಿಂದ ಒಬ್ಬರ ಜೀವ ಉಳಿಯಬಹುದು.